ಮಾಮೂಲಿ ಕೇಳಿದ ಗಿರಾಕಿ

ನನ್ನ ಭಾವನಿಗೆ ಬೀದಿಯವರು ಇಟ್ಟಿರುವ ಹೆಸರು ಪತ್ತೇದಾರ. ಅಪ್ಪ ಅಮ್ಮ ಇಟ್ಟ ಹೆಸರು ಅಂಗಡಿಯ ಲೈಸೆನ್ಸಿನಲ್ಲಿದೆ, ಅದನ್ನು ಓದಿದವರು ಯಾರೂ ಇಲ್ಲ. ಊಟದ ಪಾರ್ಸೆಲ್ ಕೊಡುವುದು ಅವರ ಕಸುಬು, ಊಟ ಕೊಳ್ಳಲು ಬಂದವರನ್ನು ಅನುಮಾನಿಸುವುದು ಅವರ ಸ್ವಭಾವ. ಎರಡೂ ಒಂದೇ ಅಂಗಡಿಯಲ್ಲಿ ನಡೆಯುವುದಿಲ್ಲ ಭಾವ ಎಂದು ಹೇಳಿ ಹೇಳಿ ನನಗೆ ಬಾಯಿ ನೋವು ಬಂತೇ ಹೊರತು ಅವರ ಕಿವಿಗೆ ಏನೂ ಬೀಳಲಿಲ್ಲ. ನಾನು ಅವರ ಹೆಂಡತಿಯ ತಂಗಿ. ಡಬ್ಬಿ ತುಂಬುವುದು, ದೂರದ ಪಾರ್ಸೆಲ್ ತಲುಪಿಸುವುದು ನನ್ನ ಕೆಲಸ. ಸಂಬಳ ಕಡಿಮೆ, ಹಾಗಾಗಿ ನಾಲಿಗೆಗೆ ಸ್ವಲ್ಪ ಸ್ವಾತಂತ್ರ್ಯ ಇಟ್ಟುಕೊಂಡಿದ್ದೇನೆ.

ಅಂಗಡಿ ಎಂದರೆ ಕೂರಲು ಒಂದು ಕುರ್ಚಿಯೂ ಇಲ್ಲದ ಕೋಣೆ. ಬೀದಿಗೆ ತೆರೆದ ಕಿಟಕಿ, ಕಿಟಕಿಗೆ ಒಂದು ಹಲಗೆ, ಹಲಗೆಯ ಹಿಂದೆ ಅಕ್ಕ. ಅಕ್ಕನ ಬೆನ್ನಿಗೆ ಒಂದು ಪರದೆ, ಅದರ ಆಚೆ ಒಲೆ ಮತ್ತು ಭಾವ. ಪರದೆಯಲ್ಲಿ ಒಂದು ತೂತಿದೆ. ಬಟ್ಟೆ ಹಳತಾಗಿ ಸವೆದದ್ದು ಎನ್ನುತ್ತಾರೆ ಭಾವ. ಬಟ್ಟೆ ಸರಿಯಾಗಿ ಕಣ್ಣಿನ ಎತ್ತರಕ್ಕೇ ಸವೆಯುವುದನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಆ ತೂತಿನಿಂದ ನೋಡಿದರೆ ಲೋಕವೇ ಬೇರೆ. ಹೊಗಳಿದವರು ಇನ್ನೊಂದು ಸೌಟು ಪುಕ್ಕಟೆ ಬಯಸುವವರು. ಬೈದವರು ಎದುರು ಹೋಟೆಲಿನವರು ಕಳಿಸಿದವರು. ಹೊಗಳದೆ ಬೈಯದೆ ಡಬ್ಬಿ ತೆಗೆದುಕೊಂಡು ಹೋಗುವವರಂತೂ ಮಹಾ ಅಪಾಯದವರು, ಮನಸ್ಸಿನಲ್ಲಿ ಏನೋ ಮಸೆಯುತ್ತಿರುತ್ತಾರೆ. ಒಬ್ಬ ನರ್ಸಮ್ಮ ಪ್ರೀತಿಯಿಂದ, "ನಿಮ್ಮ ಗೊಜ್ಜು ಬಹಳ ಚೆನ್ನಾಗಿರುತ್ತೆ, ಏನು ಹಾಕ್ತೀರಿ ಇದಕ್ಕೆ?" ಎಂದು ಕೇಳಿದರು. ಪರದೆಯ ಆಚೆಯಿಂದ "ಉಪ್ಪು!" ಎಂದು ಉತ್ತರ ಬಂತು. "ಉಪ್ಪಿನ ಜೊತೆ?" ಎಂದರೆ "ನೀರು!" ಆಕೆ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಇನ್ನೊಬ್ಬ ಕಾಲೇಜು ಹುಡುಗ ಗೆಳೆಯರಿಗೆ ತೋರಿಸೋಣ ಎಂದು ನಮ್ಮ ತಿಂಡಿ ಬೋರ್ಡಿನ ಫೋಟೋ ತೆಗೆಯಲು ಹೋದ. ಭಾವ ಹೊರಗೆ ಓಡಿಬಂದು ತಮ್ಮ ಏಪ್ರನ್ ಬಿಚ್ಚಿ ಬೋರ್ಡಿಗೆ ಹೊದಿಸಿದರು. ಗಿರಾಕಿಗೆ ಕಾಣದಂತೆ ಬೋರ್ಡು ಮುಚ್ಚಿದ ಅಂಗಡಿಯವರು ಲೋಕದಲ್ಲಿ ಇವರೊಬ್ಬರೇ ಇರಬೇಕು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ," ಎಂದು ಅಕ್ಕ ನಿಟ್ಟುಸಿರು ಬಿಟ್ಟಳು.

ಆದರೆ ಅವರು ಸುಮ್ಮಸುಮ್ಮನೆ ಹೀಗಾದವರಲ್ಲ. ಈ ಮಾತನ್ನು ನಾನು ಗೇಲಿ ಮಾಡದೆ ಹೇಳುತ್ತೇನೆ. ಯಾರದೋ ಹೋಟೆಲಿನಲ್ಲಿ ಪಾತ್ರೆ ತಿಕ್ಕಿ, ತರಕಾರಿ ಹೆಚ್ಚಿ, ಒಲೆಯ ಮುಂದೆ ನಿಲ್ಲುವಷ್ಟಾಗಿ, ಕೊನೆಗೆ ಒಂದು ಸ್ವಂತ ಅಂಗಡಿ ಹಾಕಿದ್ದರು. ಅಲ್ಲಿಗೆ ವಾರವಾರ ಒಬ್ಬ ಬರುತ್ತಿದ್ದ. ಬಾಗಿಲಿಗೆ ಒರಗಿ "ಮಾಮೂಲಿ?" ಎನ್ನುತ್ತಿದ್ದ. ಅಷ್ಟೇ ಮಾತು. ಯಾವ ಕಚೇರಿಯವನು ಎಂದು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ. ಒಂದು ವಾರ ಭಾವನ ತಾಳ್ಮೆ ತಪ್ಪಿತು, ಕೊಡುವುದಿಲ್ಲ ಎಂದರು. ಮುಂದಿನ ವಾರ ಅಡುಗೆಮನೆ ಕೊಳಕು ಎಂದು ಬಾಗಿಲಿಗೆ ಬೀಗಮುದ್ರೆ ಬಿತ್ತು. ಅಕ್ಕ ಬಿಸಿ ಆರದ ಬಾಣಲೆಯನ್ನು ಸೆರಗಿನಲ್ಲಿ ಹಿಡಿದು ಬೀದಿಯಲ್ಲಿ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಭಾವ ಯಾರನ್ನೂ ನಂಬಲಿಲ್ಲ.

ಈ ಎರಡನೆಯ ಅಂಗಡಿ ನಿಂತಿದ್ದೇ ಅಕ್ಕನ ಮುಖ ನೋಡಿ. ಭಾವ ಓಡಿಸಿದವರನ್ನು ಅವಳು ಕರೆದು ತರುತ್ತಿದ್ದಳು. ಭಾವನ ಗೊಜ್ಜಿನ ಗುಟ್ಟು ಹುರಿದ ಕಡಲೆಬೀಜದ ಪುಡಿ, ಅದು ನಮ್ಮ ಮೂವರನ್ನು ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಒಬ್ಬ ಗಿರಾಕಿ ಬಂದು ಅಕ್ಕನ ಹತ್ತಿರ ಬಾಯಿಬಿಟ್ಟು ಹೇಳಿಕೊಂಡ: ಹೆಂಡತಿಗೆ ಕಡಲೆಬೀಜ ಆಗುವುದಿಲ್ಲ, ಒಂದು ಚೂರು ನಾಲಿಗೆಗೆ ತಾಗಿದರೂ ಗಂಟಲು ಊದಿ ಉಸಿರು ಕಟ್ಟುತ್ತದೆ, ಒಮ್ಮೆ ಸಾವಿನ ಬಾಯಿಂದ ವಾಪಸ್ ಬಂದಿದ್ದಾಳೆ. ಅಕ್ಕ ಒಳಗೆ ಬಂದು ಭಾವನಿಗೆ ತಿಳಿಸಿದಳು.

"ಕಡಲೆಬೀಜ ತಿಂದು ಸತ್ತೋರನ್ನ ನಾನು ಕಂಡಿಲ್ಲ," ಎಂದರು ಭಾವ. "ಗೊಜ್ಜಿನಲ್ಲಿ ಏನಿದೆ ಅಂತ ಬಾಯಿ ಬಿಡಿಸೋಕೆ ಇದೊಂದು ಹೊಸ ನಾಟಕ. ಯಾರವನು?"

ಅಕ್ಕ ಯಾರೆಂದು ಹೇಳಲಿಲ್ಲ. ಹೇಳಿದರೆ ಆತನನ್ನೂ ಓಡಿಸುತ್ತಾರೆ ಎಂದು ಅವಳಿಗೆ ಗೊತ್ತು. ಒಲೆಯ ಮೂಲೆಯಲ್ಲಿ ಒಂದು ಸಣ್ಣ ಪಾತ್ರೆ ಇಟ್ಟಳು, ಅದಕ್ಕೆ ಬೇರೆ ಸೌಟು, ಬೇರೆ ಮುಚ್ಚಳ. ಅದರಲ್ಲಿ ಬೇಯಿಸಿದ್ದನ್ನು ಆತನಿಗೆ ದಿನವೂ ತಾನೇ ತುಂಬಿ ಕೊಡುತ್ತಿದ್ದಳು. ಆತ ಹಿಂದಿನ ಬೀದಿಯ ಬಟ್ಟೆ ಗೋದಾಮಿನ ಕಾವಲುಗಾರ, ಬೂದು ಬಣ್ಣದ ಸಮವಸ್ತ್ರ. ಹೆಂಡತಿಗೆ ರಾತ್ರಿ ಪಾಳಿ, ಮಧ್ಯಾಹ್ನ ಎದ್ದವಳಿಗೆ ಈ ಡಬ್ಬಿಯೇ ಊಟ. ಪರದೆಯ ತೂತಿನಿಂದ ಭಾವನಿಗೆ ಕಂಡದ್ದು ಆ ಸಮವಸ್ತ್ರ ಮಾತ್ರ.

ಅಮ್ಮನ ಕಣ್ಣಿನ ಆಪರೇಷನ್ ಎಂದು ಅಕ್ಕ ತವರಿಗೆ ಹೊರಟಳು. "ಸಣ್ಣ ಪಾತ್ರೆ ನಿನ್ನ ಜವಾಬ್ದಾರಿ ಕಣೇ," ಎಂದು ನನಗೆ ಹೇಳಿ ಹೋದಳು. ನಾನು ಅದೇ ಪ್ರಕಾರ ಬೇರೆ ಬೇಯಿಸಿಟ್ಟು, ಆತ ಬರುವ ಹೊತ್ತಿಗೆ ಕಿಟಕಿಯಲ್ಲಿರುತ್ತಿದ್ದೆ. ಆ ದಿನ ಮಾತ್ರ ನಾನು ಪಾರ್ಸೆಲ್ ಕೊಡಲು ಹೋದ ಹೊಲಿಗೆ ಕಾರ್ಖಾನೆಯ ಲಿಫ್ಟ್ ಕೆಟ್ಟಿತ್ತು. ಅಷ್ಟೂ ಡಬ್ಬಿ ಹೊತ್ತು ಮೆಟ್ಟಿಲು ಹತ್ತಿ ಇಳಿದು, ಬೆವರು ಒರೆಸುತ್ತಾ ಬಂದರೆ, ಭಾವ ಕಿಟಕಿಯಲ್ಲಿ ಯುದ್ಧ ಗೆದ್ದವರಂತೆ ನಿಂತಿದ್ದರು.

"ಬಾ ಬಾ, ಇವತ್ತು ಒಬ್ಬನ್ನ ಹೇಗೆ ಸಾಗಹಾಕಿದೆ ಕೇಳು."

"ಯಾರನ್ನ?"

"ಮಾಮೂಲಿಯವನನ್ನ! ನಿಮ್ಮಕ್ಕ ನನ್ನ ಕಣ್ಣಿಗೆ ಮಣ್ಣೆರಚಿ ಕೊಡ್ತಾ ಇದ್ದಾಳೆ. ಕಿಟಕಿಗೆ ಬಂದವನೇ ಅಕ್ಕ ಇಲ್ವಾ ಅಂದ. ಇಲ್ಲ, ಏನು ಬೇಕು ಅಂದೆ. ಮಾಮೂಲಿ ಕೊಡಿ ಸಾಕು, ಅವರಿಗೆ ಗೊತ್ತು ಅಂದ. ನನಗೆ ಕೈಕಾಲು ತಣ್ಣಗಾಯ್ತು. ವಾರವಾರನಾ ಅಂದೆ. ಇಲ್ಲ, ದಿನಾ ಅಂದ! ದಿನಾ! ಆ ಹಳೇ ಖದೀಮನೂ ಇಷ್ಟು ಧೈರ್ಯ ಮಾಡಿರಲಿಲ್ಲ. ಕೊಡದಿದ್ರೆ ಏನಾಗುತ್ತೆ ಅಂತ ಕೇಳಿದೆ. ಮನೇಲಿ ಹೆಂಡತಿ ಉಪವಾಸ ಬೀಳ್ತಾಳೆ ಅಂದ. ಇವರೆಲ್ಲ ಹೆಂಡತಿ ಮಕ್ಕಳ ಹೆಸರು ಹೇಳೋರೇ. ಈ ಅಂಗಡಿನೂ ಹೋಗೋದು ಬೇಡ ಅಂತ ಎರಡು ಡಬ್ಬಿ ತುಂಬ ಊಟ ಕಟ್ಟಿ, ಕೈ ಮುಗಿದು ಕಳಿಸಿದೆ. ಮೇಲೆ ದುಡ್ಡು ಬೇರೆ ಚಾಚ್ತಾನೆ ಕಣೇ! ಮುಟ್ಟಿದ್ರೆ ಸಿಕ್ಕಿಹಾಕಿಸೋಕೆ. ನಾನು ಮುಟ್ಟಲಿಲ್ಲ."

"ಬೂದು ಅಂಗಿನಾ ಭಾವ?"

"ಹೂಂ. ಗೊತ್ತಾ ನಿಂಗೂ?"

"ಊಟ ಯಾವ ಪಾತ್ರೆದು?"

"ದೊಡ್ಡದ್ದು. ಗೊಜ್ಜು ಧಾರಾಳವಾಗಿ ಹಾಕಿದೀನಿ, ಬಾಯಿ ಮುಚ್ಕೊಂಡಿರಲಿ ಅಂತ."

"ಅಯ್ಯೋ, ಅವರೇ ಸಣ್ಣ ಪಾತ್ರೆಯವರು! ದಿನಾ ತಗೊಳೋ ಊಟನ ಅವರು ಮಾಮೂಲಿ ಅಂದಿದ್ದು! ಆ ಹೆಂಗಸು ತಿಂದ್ರೆ ಸತ್ತೇ ಹೋಗ್ತಾಳೆ ಭಾವ!"

ನಾಟಕ ಎನ್ನುವ ಮಾತು ಅವರ ತುಟಿಯವರೆಗೂ ಬಂದದ್ದನ್ನು ನಾನು ನೋಡಿದೆ. ಅದು ಹೊರಗೆ ಬರಲಿಲ್ಲ. ಒಲೆ ಆರಿಸಿ, ಕಿಟಕಿ ಹಾಗೇ ತೆರೆದಿಟ್ಟು ಓಡಿದರು. ಗಲ್ಲಾದ ಹತ್ತಿರಕ್ಕೆ ನನ್ನನ್ನೂ ಬಿಡದ ಮನುಷ್ಯ, ಅಂಗಡಿಯನ್ನು ಬೀದಿಗೆ ಬಿಟ್ಟು ಏಪ್ರನ್ನಿನಲ್ಲೇ ಓಡಿದರು. ಕಾವಲುಗಾರನಿಗೆ ಜ್ವರ ಬಂದಾಗ ಒಮ್ಮೆ ಊಟ ಕೊಟ್ಟು ಬಂದಿದ್ದರಿಂದ ಮನೆ ನನಗೆ ಗೊತ್ತಿತ್ತು. ಎಡಕ್ಕೆ, ಬಲಕ್ಕೆ ಎಂದು ನಾನು ಹಿಂದಿನಿಂದ ಕೂಗುತ್ತಿದ್ದೆ. ದೇವರೇ ಅವಳಿನ್ನೂ ಎದ್ದಿರದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಮೇಲಿನ ಮಹಡಿಯ ಬಾಗಿಲು ಹಾಕಿತ್ತು. ತಟ್ಟಿದರೆ ಸದ್ದಿಲ್ಲ. ಭಾವ ಎರಡೂ ಅಂಗೈಯಿಂದ ಬಡಿಯತೊಡಗಿದರು. ಕೊನೆಗೆ ಚಿಲಕ ಸರಿಯಿತು. ನಿದ್ದೆಗಣ್ಣಿನ ಹೆಂಗಸೊಬ್ಬಳು ಬಾಗಿಲನ್ನು ಅರ್ಧ ತೆರೆದು ಹಿಡಿದುಕೊಂಡಳು.

"ತಿಂದ್ರಾ? ತಾಯಿ, ತಿಂದ್ಬಿಟ್ರಾ?" ಭಾವ ಕಿರುಚಿದರು.

"ಯಾರು ನೀವು? ಏನು ತಿನ್ನೋದು? ಇನ್ನೂ ಊಟನೇ ಬಂದಿಲ್ಲ," ಎಂದು ಆಕೆ ಬಾಗಿಲನ್ನು ಇನ್ನಷ್ಟು ಮುಚ್ಚಿದಳು.

ಕೆಳಗಿನಿಂದ ಕಾವಲುಗಾರ ಮೆಟ್ಟಿಲು ಹತ್ತಿ ಬಂದ, ಕೈಯಲ್ಲಿ ಬ್ರೆಡ್ಡು ಮತ್ತು ಬಾಳೆಹಣ್ಣು. ಭಾವನನ್ನು ಕಂಡವನೇ ಮುಖ ಗಂಟು ಹಾಕಿದ.

"ಇಲ್ಲಿಗೂ ಬಂದ್ರಾ? ನಿಮ್ಮ ಡಬ್ಬಿ ಬೇಕಾದ್ರೆ ಕಸದ ತೊಟ್ಟೀಲಿದೆ, ಹೋಗಿ ತಗೊಳ್ಳಿ."

"ಬಿಸಾಕಿದ್ರಾ?"

"ಮತ್ತೇನು ಮಾಡ್ಲಿ? ಕೇಳಿದ್ದು ಒಂದು ಊಟ. ನೀವು ಎರಡು ಡಬ್ಬಿ ಕೊಟ್ರಿ, ದುಡ್ಡು ಬೇಡ ಅಂದ್ರಿ, ಕೈ ಗಡಗಡ ನಡುಗ್ತಿತ್ತು. ನನ್ನ ಮುಖ ನೋಡ್ಲಿಲ್ಲ. ಇದರಲ್ಲಿ ಏನೋ ಇದೆ ಅಂತ ಅನುಮಾನ ಬಂತು. ಅಂಥದ್ದನ್ನ ತಂದು ಹೆಂಡತಿ ಕೈಗೆ ಕೊಡ್ಲಾ?"

"ಇತ್ತು," ಎಂದರು ಭಾವ. "ಗೊಜ್ಜಿಗೆ ನಾನು ಹಾಕೋದೇ ಕಡಲೆಬೀಜದ ಪುಡಿ."

ಇಡೀ ಮೆಟ್ಟಿಲಿಗೆ ಕೇಳುವಂತೆ ಹೇಳಿದರು. ಆಕೆ ಬಾಗಿಲ ಹಿಂದೆ ನೆಲಕ್ಕೆ ಕೂತಳು. ಕಾವಲುಗಾರನ ಕೈಯಿಂದ ಬ್ರೆಡ್ಡು ಜಾರಿ ಬಿತ್ತು, ಯಾರೂ ಎತ್ತಲಿಲ್ಲ. ಮಾಮೂಲಿ ಎಂಬ ಮಾತು ಇವರ ಕಿವಿಗೆ ಲಂಚ ಎಂದು ಬಿತ್ತೆಂದು, ಹಳೆಯ ಅಂಗಡಿಯ ಕಥೆಯನ್ನೂ ಸೇರಿಸಿ, ನಾನೇ ಬಡಬಡನೆ ವಿವರಿಸಿದೆ. ಬೇರೆ ದಿನವಾಗಿದ್ದರೆ ಎಲ್ಲರೂ ಹೊಟ್ಟೆ ಹಿಡಿದು ನಗುವಂಥ ಸಂಗತಿ. ಆತ ನಗಲಿಲ್ಲ. ಹೆಂಡತಿಯ ತಲೆಯ ಮೇಲೆ ಕೈಯಿಟ್ಟ.

"ಇನ್ನು ನಿಮ್ಮ ಅಂಗಡಿಗೆ ಬರಲ್ಲ," ಎಂದ. "ಅಕ್ಕನ ಮೇಲೆ ನನಗೇನೂ ಬೇಜಾರಿಲ್ಲ. ನೀವು ಆ ಒಲೆ ಹತ್ರ ಇರೋವರೆಗೂ ಬರಲ್ಲ."

ಈಗ ಭಾವ ಸಿಡಿಯುತ್ತಾರೆ ಎಂದು ನಾನು ಅವರ ತೋಳು ಹಿಡಿದುಕೊಂಡೆ.

"ಬರಬೇಡಿ," ಎಂದರು ಅವರು. "ನಾನಾಗಿದ್ರೂ ನನ್ನಂಥೋನ ಕೈಯಡುಗೆನ ಹೆಂಡತಿಗೆ ತಂದ್ಕೊಡ್ತಿರಲಿಲ್ಲ."