ಒಂದು ಕಣ್ಣಿಗೆ ಮಾತ್ರ ಮಿಂಚು

ಸೋಸಲೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಚ್ಚಲೊಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿರುವ ಸಂಘಮಿತ್ರಾ, ಬೇಕೆಂದೇ ಹಸಿ ಸೌದೆ ತುರುಕಿ, ಎದ್ದ ಹೊಗೆಗೆ ಮುಖ ಒಡ್ಡಿದ್ದಾರೆ. ಎಡಗಣ್ಣು ಎಲ್ಲರ ಕಣ್ಣಿನಂತೆಯೇ ಇದೆ. ಬಲಗಣ್ಣಿನ ರೆಪ್ಪೆ ಮಾತ್ರ, ಯಾವುದೋ ಕಥೆಯ ರಾಜಕುಮಾರಿ ಕದ್ದು ತೆರೆದ ಒಡವೆ ಪೆಟ್ಟಿಗೆಯ ಹಾಗೆ, ಬೆಂಕಿ ಅಲುಗಿದಾಗಲೆಲ್ಲ ಮಿಂಚುತ್ತದೆ. ಹೊಗೆ ಸಾಲದೆಂದು ಪಕ್ಕದಲ್ಲಿ ಈರುಳ್ಳಿ, ಈಳಿಗೆ ಮಣೆ. ಹೆಚ್ಚುತ್ತಾರೆ, ಅಳುತ್ತಾರೆ, ಎದ್ದು ಹೋಗಿ ಬುದ್ಧನ ಪಟದ ಪಕ್ಕದ ಕನ್ನಡಿಯಲ್ಲಿ ಬಲಗಣ್ಣು ನೋಡಿಕೊಂಡು ಗೊಣಗುತ್ತಾರೆ.

"ಯಾವ್ ಕಣ್ ನೋಡ್ಕಂಡ್ ಮಾತಾಡ್ಲವ್ವ ನಿನ್ ಜೊತೆ?" ಎನ್ನುತ್ತಾರೆ ಅತ್ತೆ ಮಂಚಮ್ಮ.

ಈ ಮನೆಗೆ ಇದು ಹೊಸತಲ್ಲ. ಸಂಘಮಿತ್ರಾ ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡುವವರು. ತಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕುರ್ಚಿ, ಒಂದು ಪರದೆಯ ಪುಟ್ಟ ಪಾರ್ಲರು ಅವರದು. ಕಣ್ಣಿಗೆ ಹಚ್ಚುವ ಯಾವ ಹೊಸ ಬಣ್ಣವೇ ಬರಲಿ, ಅದನ್ನು ಮೊದಲು ತಮ್ಮ ಒಂದೇ ಕಣ್ಣಿಗೆ ಹಚ್ಚಿಕೊಂಡು ಇಡೀ ದಿನ ಓಡಾಡುತ್ತಾರೆ. ಹೋಲಿಸಿ ನೋಡಲು ಇನ್ನೊಂದು ಕಣ್ಣು ಹಾಗೇ ಇರಬೇಕು. ಛತ್ರದಲ್ಲಿ ಕರ್ಪೂರದ ಹೊಗೆ ಇರುತ್ತದೆ, ಅದಕ್ಕೆ ಬಚ್ಚಲೊಲೆ. ಧಾರೆಯ ಹೊತ್ತಿಗೆ ಎಂಥ ಗಟ್ಟಿ ಹೆಣ್ಣೂ ಅಳುತ್ತಾಳೆ, ಅದಕ್ಕೆ ಈರುಳ್ಳಿ. ಬಸ್ಸಿನಲ್ಲಿ ಕಂಡಕ್ಟರು, ಇನ್ನೊಂದ್ ಕಣ್ಣಿಗೆ ಬಣ್ಣ ಸಾಲ್ಲಿಲ್ವಾ ಅಕ್ಕ ಎಂದು ಕೇಳುವುದೂ ಈ ಪರೀಕ್ಷೆಯ ಒಂದು ಭಾಗವೇ ಆಗಿಬಿಟ್ಟಿದೆ. ಗೂಡ್ಸ್ ಆಟೋ ಓಡಿಸುವ ಗಂಡ ಮಾದೇಶ್ ಕೇಳುವುದನ್ನೇ ಬಿಟ್ಟಿದ್ದಾರೆ.

ಈ ಸಲದ್ದು ಸಾಮಾನ್ಯ ಬಣ್ಣವಲ್ಲ. ಕಳಲೆಯ ಶಂಭುಲಿಂಗಪ್ಪನವರ ಮಗಳು ಪವಿತ್ರಳ ಮದುವೆ ನಾಳೆ ನಂಜನಗೂಡಿನ ಛತ್ರದಲ್ಲಿ. ಗಂಡಿನ ತಂಗಿ, ಮೈಸೂರಿನ ಕವನ, ಅತ್ತಿಗೆಯಾಗಿ ಬರುವವಳಿಗೆಂದು ದುಬಾರಿ ಐಶ್ಯಾಡೋ ಪ್ಯಾಲೆಟ್ ತಂದುಕೊಟ್ಟಿದ್ದಾಳೆ. ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಿದ್ದರೂ, ಮುಚ್ಚಳ ಕ್ಲಿಕ್ಕೆಂದು ಕೂರುವ ಸದ್ದಿನಲ್ಲೇ ಬೆಲೆ ಕೇಳಿಸುತ್ತದೆ. ತೆರೆದರೆ ಬೆಳದಿಂಗಳನ್ನು ಪುಡಿ ಮಾಡಿ ಬಿಲ್ಲೆ ಬಿಲ್ಲೆಯಾಗಿ ಅಚ್ಚು ಹಾಕಿಟ್ಟ ಹಾಗೆ. ಪವಿತ್ರ ಅದನ್ನು ಮೊದಲೇ ಸಂಘಮಿತ್ರಾ ಅವರಿಗೆ ತಲುಪಿಸಿದ್ದಾಳೆ. ಜೊತೆಗೆ ಕವನಳ ಒಂದು ಅಪ್ಪಣೆಯೂ ಬಂದಿದೆ: ಮೇಲಿನ ಸಾಲಿನ ಮೊದಲನೆಯ ಬಣ್ಣ, ಆ ತೆಳು ಬೆಳ್ಳಿಯದು, ಮುಹೂರ್ತಕ್ಕೆ ಅದನ್ನೇ ಹಚ್ಚಬೇಕು.

ಮಧ್ಯಾಹ್ನದ ಹೊತ್ತಿಗೆ ಸಂಘಮಿತ್ರಾ ಅವರ ತಾಳ್ಮೆ ತಪ್ಪತೊಡಗುತ್ತದೆ. ಬಣ್ಣ ಹೊಗೆಗೆ ಜಗ್ಗಿಲ್ಲ, ಈರುಳ್ಳಿಗೂ ಕರಗಿಲ್ಲ. ಆದರೆ ಬಿಸಿಲಿಗೆ ಬಂದು ನೋಡಿದರೆ, ಕಂದು ರೆಪ್ಪೆಯ ಮೇಲೆ ಬೆಳದಿಂಗಳು ಹೋಗಿ ಬೂದಿಯಾಗಿದೆ. ಬೆರಳಿನಲ್ಲಿ ಹಚ್ಚಿದರೂ ಅಷ್ಟೇ, ಒದ್ದೆ ಬ್ರಷ್ಷಿನಲ್ಲಿ ಹಚ್ಚಿದರೂ ಅಷ್ಟೇ. ಒರೆಸಿ, ತೊಳೆದು, ಮತ್ತೆ ಹಚ್ಚಿ, ರೆಪ್ಪೆ ಕೆಂಪಾಗಿದೆ. ಡಬ್ಬಿಯ ಹಿಂದಿನ ಚಿತ್ರದಲ್ಲಿ ಹಾಲು ಬಣ್ಣದ ಹುಡುಗಿಯೊಬ್ಬಳು ಅದೇ ಬಣ್ಣ ಬಳಿದುಕೊಂಡು ನಗುತ್ತಿದ್ದಾಳೆ.

"ಮಾಲಲ್ಲಿ ತಪ್ಪಿಲ್ಲ. ನಮ್ ಚರ್ಮ ನೋಡಿ ಮಾಡಿಲ್ಲ, ಅಷ್ಟೇ. ಇದ್ನ ಯಾರಿಗ್ ಏಳಾನ?" ಎಂದು ಮುಚ್ಚಳ ಹಾಕುತ್ತಾರೆ. ಮತ್ತೆ ತೆಗೆಯುತ್ತಾರೆ. ಯಾಕೆಂದರೆ ಕೆಳಗಿನ ಸಾಲಿನ ಮೂಲೆಯಲ್ಲಿ, ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಚೊಂಬಿನಂಥ ಒಂದು ಬಣ್ಣವಿದೆ. ಅದನ್ನು ಹಚ್ಚಿಕೊಂಡು ಹೊರಗೆ ಬಂದರೆ ಮಂಚಮ್ಮ ತಾವಾಗಿಯೇ, ಈಗ ನೋಡಂಗದೆ ಎನ್ನುತ್ತಾರೆ.

ಪವಿತ್ರಳಿಗೆ ಫೋನ್ ಹೋಗುತ್ತದೆ. ಬೆಳ್ಳಿಯದು ಬೇಡ, ತಾಮ್ರದ್ದು ನಿನಗೆ ಒಪ್ಪುತ್ತದೆ ಎಂದು ಸಂಘಮಿತ್ರಾ ವಿವರಿಸಿದರೆ ಆ ಕಡೆಯಿಂದ ಸಣ್ಣ ದನಿ ಬರುತ್ತದೆ: "ಅವ್ರು ಹೇಳಿದ್ನೇ ಹಚ್ಬಿಡಿ ಅಕ್ಕ. ಹೋಗೋಕ್ ಮುಂಚೇನೇ ನಾದಿನಿ ಹತ್ರ ಬೇಜಾರ್ ಯಾಕೆ?"

ಫೋನ್ ಇಟ್ಟ ಮೇಲೆ ಸಂಘಮಿತ್ರಾ ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಕೂರುತ್ತಾರೆ. ಹಚ್ಚದಿದ್ದರೆ ಹುಡುಗಿಯ ಹೊಸ ಸಂಸಾರ ಮುನಿಸಿನಿಂದ ಶುರುವಾಗುತ್ತದೆ. ಹಚ್ಚಿದರೆ ಆಲ್ಬಂ ಇರುವಷ್ಟು ಕಾಲ ಅವಳ ಕಣ್ಣ ಮೇಲೆ ಬೂದಿ ಇರುತ್ತದೆ, ಎರಡು ತಾಲ್ಲೂಕಿನಲ್ಲೂ ಇವರ ಹೆಸರು ಕೆಡುತ್ತದೆ. "ಚೆನ್ನಾಗ್ ಬಂದ್ರೆ, ಎಣ್ಣು ಲಕ್ಷಣವಾಗಿತ್ತು ಅಂತಾರೆ. ಕೆಟ್ರೆ ಮಾತ್ರ ಮೇಕಪ್ಪಿನೋಳ್ ಯಾರು ಅಂತ ಕೇಳ್ತಾರೆ."

ಮೊದಲು ಅವರಿದ್ದದ್ದು ನಂಜನಗೂಡಿನ ಗಾರ್ಮೆಂಟ್ಸ್‌ನಲ್ಲಿ, ಕಾಲರ್ ಹೊಲಿಯುವ ಲೈನಿನಲ್ಲಿ. ಕೂತು ಕೂತು ಸೊಂಟ ಹಿಡಿದಾಗ ಕೆಲಸ ಬಿಟ್ಟು, ಮಹಿಳಾ ಸಂಘದವರು ನಡೆಸಿದ ತರಬೇತಿಗೆ ಸೇರಿದರು. ಈಗ ನಿಂತು ನಿಂತು ಕಾಲು ಊದುತ್ತದೆ. ಲಗ್ನದ ದಿನಗಳಲ್ಲಿ ಕೋಳಿ ಕೂಗುವ ಮುಂಚೆ ಛತ್ರದಲ್ಲಿರಬೇಕು. ಆಷಾಢದಲ್ಲಿ ಹುಬ್ಬು ತಿದ್ದಿಸಿಕೊಳ್ಳುವ ಕಾಲೇಜು ಹುಡುಗಿಯರೇ ಗತಿ. ಆದರೂ ಮಂಚಮ್ಮನಿಗೆ ಸೊಸೆಯ ಕೆಲಸದ ಬಗ್ಗೆ ತಮ್ಮದೇ ಒಂದು ಲೆಕ್ಕವಿದೆ. "ನಮ್ ಕಾಲ್ದಲ್ಲಿ ದೊಡ್ಡೋರ್ ಮನೆ ಜಗ್ಲಿ ಅತ್ತಂಗಿರ್ಲಿಲ್ಲ. ಇವ್ಳು ಅವ್ರ್ ಮನೆ ಎಣ್ಮಕ್ಕಳ ಗದ್ದ ಇಡ್ದು ಮೇಲೆತ್ತು ಅಂತಾಳೆ. ಎತ್ತುತಾರೆ."

ಮರುದಿನ ಮುಂಜಾನೆ ನಂಜನಗೂಡಿನ ಛತ್ರ. ಹೆಣ್ಣಿನ ಕೋಣೆಯೆಂದರೆ ಅರ್ಧ ಕೋಣೆ. ಇನ್ನರ್ಧದಲ್ಲಿ ಬಾಳೆಎಲೆಯ ಕಟ್ಟುಗಳು. ಒಂದೇ ಟ್ಯೂಬ್‌ಲೈಟು, ಅದೂ ಕಣ್ಣು ಮಿಟುಕಿಸುತ್ತದೆ. ಪವಿತ್ರಳ ಚಿಕ್ಕಮ್ಮನಿಗೆ ಹುಡುಗಿ ಇನ್ನೂ ಒಂಚೂರು ಬೆಳ್ಳಗೆ ಕಾಣಬೇಕು. ಫೋಟೋ ತೆಗೆಯುವ ಕುಮಾರನಿಗೆ ಹಣೆ ಹೊಳೆಯಕೂಡದು. ತನ್ನ ರೆಪ್ಪೆಗೂ ಅದನ್ನೇ ಹಚ್ಚಿಕೊಂಡು ಬಂದಿರುವ ಕವನಳಿಗೆ ತನ್ನ ಬೆಳ್ಳಿ ಬಣ್ಣ ಎದ್ದು ಕಾಣಬೇಕು. ಅಡುಗೆಯವರು ಬಂದು ಎಲೆ ಎತ್ತಿಕೊಂಡು ಹೋಗುವಾಗಲೆಲ್ಲ ಸಂಘಮಿತ್ರಾ ಅವರ ಮೊಣಕೈಗೆ ತಾಗಿಸಿಯೇ ಹೋಗುತ್ತಾರೆ. ಇಷ್ಟೆಲ್ಲದರ ನಡುವೆ ಪವಿತ್ರ ಮಾತ್ರ ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡಿದು ಕೂತಿದ್ದಾಳೆ. ಹಲ್ಲು ಕಚ್ಚಿಕೊಂಡೇ ಸಂಘಮಿತ್ರಾ ಬೆಳ್ಳಿಯದನ್ನು ಹಚ್ಚುತ್ತಾರೆ. ಅಡಿಗೆ ಕಂದು ಬಣ್ಣ ಕೊಟ್ಟು, ಅಂಚು ತೀಡಿ, ಆದಷ್ಟು ಬೂದಿ ಕಳೆಯುತ್ತಾರೆ. ಪೂರ್ತಿ ಕಳೆಯುವುದಿಲ್ಲ.

ಮದುವೆ ನಡೆಸುವ ಅಯ್ಯನವರು ಬಂದು ಪವಿತ್ರಳ ಹಣೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಹರಸಿ ಹೋಗುತ್ತಾರೆ. ಅವರ ಹಿಂದೆಯೇ ಒಳಗೆ ಬಂದದ್ದು ಪವಿತ್ರಳ ಅಜ್ಜಿ ಚನ್ನಾಜಮ್ಮ. ಮೊಮ್ಮಗಳ ಮುಖವನ್ನು ಹತ್ತಿರದಿಂದ ನೋಡಿದ್ದೇ ಅವರಿಗೆ ಗಾಬರಿ.

"ಕಣ್ ಮ್ಯಾಕೆಲ್ಲ ಈಬೂತಿ ಉದುರ್ಸವ್ರಲ್ಲ ಮಗ, ಉರಿಯಾಕಿಲ್ವಾ?"

ಯಾರಾದರೂ ಬಾಯಿ ತೆರೆಯುವ ಮೊದಲೇ ಸೆರಗಿನ ತುದಿಗೆ ನಾಲಿಗೆ ತಾಗಿಸಿ, ಎಳೆ ಮಗುವಿನ ಮುಖ ಒರೆಸುವ ಹಾಗೆ, ಎಡಗಣ್ಣನ್ನು ಒಂದೇ ಎಳೆತಕ್ಕೆ ಒರೆಸಿಬಿಡುತ್ತಾರೆ. ಮೈಸೂರಿನ ಅಂಗಡಿಯ ಬೆಳದಿಂಗಳು ಸೆರಗಿಗೆ ಅಂಟುತ್ತದೆ.

ಕವನಳ ಮುಖ ಊದಿಕೊಳ್ಳುತ್ತದೆ. ಹೊರಗೆ ವಾಲಗ ಜೋರಾಗುತ್ತದೆ, ಹೆಣ್ಣನ್ನು ಕರೆತನ್ನಿ ಎಂದು ಯಾರೋ ಕೂಗುತ್ತಾರೆ. ಚಿಕ್ಕಮ್ಮ ತಮ್ಮ ಅತ್ತೆ ಚನ್ನಾಜಮ್ಮನ ಮೇಲೆ ರೇಗುತ್ತಾರೆ, ಅಜ್ಜಿ ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ಇನ್ನೊಂದು ಕಣ್ಣಿಗೂ ಸೆರಗು ಸಿದ್ಧ ಮಾಡಿಕೊಳ್ಳುತ್ತಾರೆ. ಸಂಘಮಿತ್ರಾ ಬ್ರಷ್ಷನ್ನು ಮೇಜಿನ ಮೇಲೆ ಕುಕ್ಕುತ್ತಾರೆ. ನಿನ್ನೆ ಬೆಳಗಿನಿಂದ ತಡೆದುಕೊಂಡದ್ದೆಲ್ಲ ಆ ಸದ್ದಿನಲ್ಲಿದೆ. ಎಲ್ಲರೂ ಒಂದು ಗಳಿಗೆ ಹೊರಗಿರಿ ಎನ್ನುತ್ತಾರೆ. ಹೋಗದವರನ್ನು ಭುಜ ಹಿಡಿದು ಬಾಗಿಲಾಚೆ ಬಿಡುತ್ತಾರೆ, ಕುಮಾರನನ್ನು ಕ್ಯಾಮೆರಾ ಸಮೇತ.

ಆಮೇಲೆ ಪವಿತ್ರಳ ಕೈಗೆ ಕನ್ನಡಿ ಕೊಡುತ್ತಾರೆ. "ಕಣ್ ಬಿಡವ್ವ. ನೋಡ್ಕೊ. ಯಾವ್ ಕಣ್ಣು ನಿಂದು?"

ಬೆಳಗಿನಿಂದ ಯಾರೂ ಕೇಳದ ಪ್ರಶ್ನೆ. ಪವಿತ್ರ ಒಂದು ಕಣ್ಣು ನೋಡಿಕೊಳ್ಳುತ್ತಾಳೆ, ಇನ್ನೊಂದನ್ನು ನೋಡಿಕೊಳ್ಳುತ್ತಾಳೆ. ಅಳು ಬರುತ್ತದೇನೋ ಎಂದುಕೊಂಡರೆ ನಗು ಬರುತ್ತದೆ. "ಅಜ್ಜಿ ಒರೆಸಿದ್ದು."

ಮಿಕ್ಕದ್ದೆಲ್ಲ ಬೇಗ ಆಗುತ್ತದೆ. ತಾಮ್ರದ್ದು ತೋರಿಸಿದರೆ ಪವಿತ್ರ, ಇದೇ ಇರಲಿ ಎನ್ನುತ್ತಾಳೆ. ಬಲಗಣ್ಣನ್ನೂ ಒರೆಸಿ, ಅದೇ ಡಬ್ಬಿಯ ಮೂಲೆಯ ತಾಮ್ರವನ್ನು ಸಂಘಮಿತ್ರಾ ಬೆರಳ ತುದಿಯಲ್ಲಿ ತೆಗೆದು ಎರಡೂ ರೆಪ್ಪೆಗೆ ಒತ್ತುತ್ತಾರೆ. ಕಾಡಿಗೆ ಎಳೆಯುತ್ತಾರೆ. ಬಾಗಿಲು ತೆರೆದರೆ ಎದುರಿಗೇ ಕವನ, ತಾನು ಹೇಳಿದ ಬಣ್ಣ ಇದಲ್ಲ ಎನ್ನುತ್ತಾಳೆ. ಸಂಘಮಿತ್ರಾ ಬಾಯಿ ತೆರೆಯಬೇಕು, ಅಷ್ಟರಲ್ಲಿ ಪವಿತ್ರಳೇ ಮಾತಾಡುತ್ತಾಳೆ.

"ನೀವ್ ಕೊಟ್ಟ ಡಬ್ಬೀದೇ ಕವನ. ಬಣ್ಣ ಮಾತ್ರ ನಾನ್ ಆರಿಸ್ಕೊಂಡೆ."

ಕವನ ಅತ್ತಿಗೆಯನ್ನು ನೋಡುತ್ತಾಳೆ. ಗೋಡೆಯ ಕನ್ನಡಿಗೆ ತಿರುಗಿ ತನ್ನ ರೆಪ್ಪೆಯ ಬೆಳ್ಳಿಯನ್ನೂ ನೋಡಿಕೊಳ್ಳುತ್ತಾಳೆ. ಊದಿಕೊಂಡ ಮುಖ ಪೂರ್ತಿ ಇಳಿದಿಲ್ಲ, ಆದರೂ ಸಂಘಮಿತ್ರಾ ಅವರ ಮುಂದೆ ಬಂದು ಗದ್ದ ಎತ್ತುತ್ತಾಳೆ. "ನಂಗೂ ಅದನ್ನೇ ಹಚ್ಚಿ. ಬೇಗ."

ಧಾರೆ ಮುಗಿದು ಪಂಕ್ತಿಯಲ್ಲಿ ಕೂತಾಗಲೇ ಸಂಘಮಿತ್ರಾ ಅವರ ಕಾಲಿಗೆ ಬಿಡುವು. ಪವಿತ್ರ ಅತ್ತಳು, ಬಣ್ಣ ಕದಲಲಿಲ್ಲ. ಮೇಕಪ್ಪಿನವರು ಯಾರೆಂದು ಯಾರೂ ಕೇಳಲಿಲ್ಲ, ಅದೇ ಸಮಾಧಾನ. ನಿಮ್ಮ ಆಸೆಯೇನು ಎಂದು ಯಾರಾದರೂ ಕೇಳಿದರೆ, ದೊಡ್ಡ ಪಾರ್ಲರ್, ಎಸಿ ಎಂದೆಲ್ಲ ಹೇಳುವುದಿಲ್ಲ. "ಎಲ್ರೂ ಏಳ್ತಾರೆ, ಹಂಗಿರ್ಲಿ ಹಿಂಗಿರ್ಲಿ ಅಂತ. ಮದ್ವೆ ಎಣ್ಣೇ ಬಂದು ನಂಗಿದು ಬೇಕು ಅನ್ಬೇಕು. ಅಷ್ಟಾದ್ರೆ ಸಾಕು ಕಣ್ರೀ."

ಎಲೆಗೆ ಪಾಯಸ ಬೀಳುವ ಹೊತ್ತಿಗೆ ಫೋನ್ ಬರುತ್ತದೆ. ಬನ್ನೂರಿನ ಸೋಮಶೇಖರ್ ಅಂತೆ, ಮುಂದಿನ ಲಗ್ನದ ಹೆಣ್ಣಿನ ಸೋದರಮಾವ. ಹುಡುಗಿ ಹೇಗೆ ಕಾಣಬೇಕು, ಯಾವ ಬಣ್ಣ ಬೇಕು, ಕಣ್ಣಿಗೇನು, ತುಟಿಗೇನು, ಅವರ ವಿವರಣೆ ಮುಗಿಯುವುದೇ ಇಲ್ಲ. ಸಂಘಮಿತ್ರಾ ಕಣ್ಣು ಮುಚ್ಚಿ, ಒಂದು ದೊಡ್ಡ ಉಸಿರು ಬಿಡುತ್ತಾರೆ.

"ಉಡ್ಗಿ ಕೈಗೆ ಫೋನ್ ಕೊಡಿ ಸಾ."

ಅವಳಿಗೇನು ಗೊತ್ತಾಗುತ್ತದೆ ಎನ್ನುತ್ತಾರೆ ಆ ಕಡೆಯವರು.

"ಪರವಾಗಿಲ್ಲ, ಕೊಡಿ. ಕಾಯ್ತೀನಿ."

ಪಾಯಸ ಎಲೆಯ ಅಂಚಿಗೆ ಹರಿಯುತ್ತದೆ. ಸಂಘಮಿತ್ರಾ ಫೋನನ್ನು ಕಿವಿಯಿಂದ ಇಳಿಸುವುದಿಲ್ಲ.