ಗೀಸರ್ ಇರುವ ಹೋಟೆಲ್

ಆಪರೇಷನ್ ಆಗಿ ವರ್ಷ ತುಂಬಿತ್ತು. ಕ್ಯಾನ್ಸರ್ ಎಂದು ಎಡಗಡೆಯ ಮೊಲೆ ತೆಗೆದಿದ್ದರು. ಅಂದಿನಿಂದ ನನ್ನ ಊಟ, ನಿದ್ದೆ, ನಡಿಗೆ ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಿದ್ದರು. ಏಪ್ರಿಲ್ ರಜೆಗೂ ಅಷ್ಟೇ. ಸೌತ್ ಸಿ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನಲ್ಲಿ ಗಂಡ, ಮಗಳು ಸೇರಿ ಸಿಂಹ ಕಾಣುವ ಲಾಡ್ಜೊಂದನ್ನು ಆಗಲೇ ಆರಿಸಿಟ್ಟಿದ್ದರು.

"ನೀನು ಜೀಪಿಂದ ಇಳಿಯೋದೇ ಬೇಡ. ಹಾಯಾಗಿ ಕೂತಿರು" ಎಂದರು ಗಂಡ.

ಹಾಯಾಗಿ ಕೂತು ಕೂತು ನನಗೆ ಸಾಕಾಗಿಹೋಗಿತ್ತು. ಬೊಗೋರಿಯಾ ಕೆರೆಯ ಕಡೆಯ ಹೋಟೆಲ್ ಬೇಕೆಂದೆ. ಕೆರೆಯ ತುಂಬ ಫ್ಲೆಮಿಂಗೋ ಹಕ್ಕಿಗಳು, ಹೋಟೆಲಿನ ಅಂಗಳದಲ್ಲೇ ಬಿಸಿನೀರಿನ ಬುಗ್ಗೆಯಿಂದ ತುಂಬುವ ಕೊಳ. ಆ ನೀರಿನಲ್ಲಿ ಕತ್ತಿನವರೆಗೆ ಮುಳುಗಿ ಕೂರಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಹೋಟೆಲಿಗೆ ಫೋನ್ ಮಾಡಿದ ಗಂಡ ನಗುತ್ತಲೇ ವಾಪಸ್ ಬಂದರು. "ಏನಪ್ಪಾ ವಿಶೇಷ ಅಂತ ಕೇಳಿದ್ರೆ, ಇಲ್ಲಿ ಗೀಸರ್ ಇದೆ, ಅದನ್ನ ನೋಡೋಕೇ ಜನ ಬರ್ತಾರೆ ಅಂತಾನೆ ಪುಣ್ಯಾತ್ಮ. ನಮ್ಮ ಬಾತ್‌ರೂಮಲ್ಲಿ ಇಲ್ವಾ ಗೀಸರ್? ಅದಕ್ಕೆ ಐದು ಗಂಟೆ ಗಾಡಿ ಓಡಿಸ್ಬೇಕಾ?"

ಮಗಳು ಮೊಬೈಲಿನಲ್ಲಿ ಚಿತ್ರ ಹುಡುಕಿ ಅವರ ಮುಂದೆ ಹಿಡಿದಳು. "ಪಪ್ಪಾ, ದಿಸ್ ಈಸ್ ಎ ಗೀಸರ್." ನೆಲ ಸೀಳಿಕೊಂಡು ಆಳೆತ್ತರಕ್ಕೆ ಚಿಮ್ಮುವ ಕುದಿನೀರು. ಹುಟ್ಟಿದಾಗಿನಿಂದ ಗೋಡೆಯ ಮೇಲಿನ ಬಿಳಿ ಡಬ್ಬವೇ ಗೀಸರ್ ಎಂದುಕೊಂಡಿದ್ದ ಇಂಜಿನಿಯರ್ ಮಹಾಶಯರು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಆದರೆ ಸೋಲೊಪ್ಪುವ ಜನವೇ?

"ನಿಂದು ಯಾವಾಗ್ಲೂ ಹಿಡಿದ ಮೊಲಕ್ಕೆ ಮೂರೇ ಕಾಲು."

"ಹೌದ್ರೀ, ಮೂರೇ. ಎಣಿಸಿ ನೋಡ್ಕೊಳ್ಳಿ."

"ಡಾಕ್ಟರ್ ಒಪ್ಪಬೇಕಲ್ಲ?"

"ಹೋದ ವಾರವೇ ಕೇಳ್ದೆ. ಗಾಯ ಮಾಗಿದೆ, ಬೆಚ್ಚಗಿನ ನೀರಿಗೆ ಇಳೀಬಹುದು ಅಂದ್ರು."

ಮಗಳು ತನ್ನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅವಳು ಹೋಗುವುದನ್ನೇ ಕಾಯುತ್ತಿದ್ದವರಂತೆ ಇವರು ದನಿ ತಗ್ಗಿಸಿದರು.

"ಅಲ್ಲಿ ಎಲ್ಲಾರೂ ಇರ್ತಾರೆ ಕಣೆ. ಸ್ವಿಮ್ಮಿಂಗ್ ಡ್ರೆಸ್ ಹಾಕ್ಕೊಂಡ್ರೆ ಗೊತ್ತಾಗುತ್ತೆ. ಜನ ನೋಡ್ತಾರೆ."

ಸಿಟ್ಟು ನೆತ್ತಿಗೇರಿತು. ಅಳುವೂ ಬಂತು, ಅದನ್ನು ನುಂಗಿಕೊಂಡೆ.

"ನೋಡ್ಲಿ ಬಿಡ್ರೀ. ಒಂದು ವರ್ಷದಿಂದ ನೀವಂತೂ ನೋಡಿಲ್ಲ."

ಅವರು ಖಾಲಿ ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತರು. ನಾನೇ ಫೋನ್ ತೆಗೆದುಕೊಂಡು ಹೋಟೆಲಿನವನಿಗೆ ಹೇಳಿದೆ. ಮಗಳಿಗೆ ಒಂದು ಕೋಣೆ, ನಮ್ಮಿಬ್ಬರಿಗೆ ಒಂದೇ ಮಂಚದ ಇನ್ನೊಂದು.