ಓದಬೇಡ ಎನ್ನುತ್ತಿದ್ದ ಪದ್ಮಣ್ಣ ಸರ್

ಲೈಬ್ರರಿಯಲ್ಲಿ ಕುಳಿತು "ಓದಬ್ಯಾಡ" ಎನ್ನುತ್ತಿದ್ದ ಮನುಷ್ಯ ನನಗೆ ಸಿಕ್ಕಿದ್ದು ಒಬ್ಬರೇ. ಜಮಖಂಡಿಯ ನಮ್ಮ ಕಾಲೇಜಿನ ಲೈಬ್ರರಿಯನ್ ಪದ್ಮಣ್ಣ ಸರ್. ಪುಸ್ತಕಕ್ಕೆ ತಾರೀಖಿನ ಠಸ್ಸೆ ಹೊಡೆದ ಮೇಲೂ ಅದನ್ನು ಕೊಡುತ್ತಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳುತ್ತಿದ್ದರು: "ಇವತ್ತ ಓದಬ್ಯಾಡ. ಮೊದಲ ಗುರ್ತಾ ಮಾಡ್ಕೊ." ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು. ನಾನೂ ನಕ್ಕವಳೇ.

ಅವರದು ತೇರದಾಳದ ಜೈನರ ಮನೆ, ತಂದೆಯ ಕಾಲದಿಂದ ಸೀರೆ ಅಂಗಡಿ. ಇವರೊಬ್ಬರು ಮಾತ್ರ ಅಂಗಡಿ ಬಿಟ್ಟು ಪುಸ್ತಕಕ್ಕೆ ಬಂದವರು. ಐದು ಗಂಟೆಯಾಯಿತೆಂದರೆ ಕಿಟಕಿ ಮುಚ್ಚುತ್ತ, "ಹೊತ್ತ ಮುಳುಗೂದರಾಗ ನಾ ಉಣ್ಣಬೇಕು, ಏಳ್ರಿ ಏಳ್ರಿ" ಎಂದು ನಮ್ಮನ್ನೆಲ್ಲ ಎಬ್ಬಿಸುತ್ತಿದ್ದರು. ಪರೀಕ್ಷೆ ನಾಳೆಯೇ ಇದ್ದರೂ ಕರುಣೆ ಇರಲಿಲ್ಲ.

ನಾನು ಬನಹಟ್ಟಿಯ ನೇಕಾರರ ಮನೆಯವಳು. ಕನ್ನಡದಲ್ಲಿ ಕಲಿತು ಬಿ.ಕಾಂ.ಗೆ ಸೇರಿ ಇಂಗ್ಲಿಷಿನ ದಪ್ಪ ಅರ್ಥಶಾಸ್ತ್ರದ ಪುಸ್ತಕಕ್ಕೆ ಸಿಕ್ಕಿಕೊಂಡೆ. ಆ ವಿಷಯದಲ್ಲಿ ಎರಡು ಸಲ ನಪಾಸಾದಾಗ ಅಪ್ಪ ಮೆತ್ತಗೆ ಹೇಳಿದ: "ಮೂರನೇ ಸಲಾನೂ ಹೋತಂದ್ರ ಕಾಲೇಜ ಸಾಕಬೇ. ಮನ್ಯಾಗ ಒಂದ ಮಗ್ಗ ಖಾಲಿ ಕುಂತೈತಿ." ಅವನು ಸಿಟ್ಟು ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಆ ಮೆತ್ತಗಿನ ಮಾತಿನ ಜೊತೆ ಏನಂತ ಜಗಳ ಆಡುವುದು?

ಮತ್ತೆ ಅದೇ ಪುಸ್ತಕ ಕೇಳಲು ಹೋದೆ. ಪದ್ಮಣ್ಣ ಸರ್ ಅದನ್ನು ಹಿಡಿದುಕೊಂಡು ಕೇಳಿದರು.

"ಇದರಾಗ ಎಷ್ಟ ಪಾಠ ಅದಾವ?"

"ಗೊತ್ತಿಲ್ಲರಿ ಸರ."

"ಬರದಾವ್ರು ಯಾರು? ಯಾರ ಸಲುವಾಗಿ ಬರದಾರು?"

"ಗೊತ್ತಿಲ್ಲರಿ."

"ಮನಿಗೆ ಯಾರರೆ ಬಂದ್ರ, ಯಾವೂರು, ಯಾರ ಪೈಕಿ ಅಂತ ಕೇಳೂದಿಲ್ಲೇನು? ವರ್ಷಾನಗಟ್ಲೆ ಇದರ ಜೋಡಿ ಇದ್ದೀ, ಹೆಸರ ಸುದ್ದಾ ಕೇಳಿಲ್ಲಲ್ಲ!"

ಕಣ್ಣಲ್ಲಿ ನೀರು ಬಂತು. ಅಪ್ಪನ ಮಾತು, ಖಾಲಿ ಮಗ್ಗ, ಎಲ್ಲ ಹೇಳಿಬಿಟ್ಟೆ. ನಾನು ಸೋಮಾರಿಯಲ್ಲ ಎಂದೂ ಹೇಳಿದೆ. ಒಂದು ಎಳೆ ಹರಿದರೂ ಮಗ್ಗ ನಿಲ್ಲಿಸಿ ಗಂಟು ಹಾಕಿಯೇ ಮುಂದೆ ಹೋಗುವ ಮನೆ ನಮ್ಮದು. ತಿಳಿಯದ ಸಾಲನ್ನು ಬಿಟ್ಟು ದಾಟುವುದು ನನಗೆ ಮೋಸ ಅನ್ನಿಸುತ್ತಿತ್ತು. ಹಾಗಾಗಿ ಪ್ರತಿ ಸಲ ಮೊದಲ ಪುಟದಿಂದ ಶುರು ಮಾಡುತ್ತಿದ್ದೆ, ಪ್ರತಿ ಸಲ ನಲವತ್ತನೇ ಪುಟದೊಳಗೇ ಸೋಲುತ್ತಿದ್ದೆ.

ಅವರು ನಗಲಿಲ್ಲ. "ಅದು ನೇಯಾವ್ರ ಶಾಣ್ಯಾತನ, ತಂಗಿ. ಆದ್ರ ಇದನ್ನ ನೀ ನೇದಿಲ್ಲ, ಕೊಳ್ಳಾಕ ಬಂದೀ. ನಮ್ಮ ಅಂಗಡ್ಯಾಗ ಹೆಣಮಕ್ಳು ಸೀರಿ ಹೆಂಗ ನೋಡತಿದ್ರು? ಸೆರಗ ಬಿಚ್ಚತಿದ್ರು, ದಡಿ ನೋಡತಿದ್ರು, ಹೊಳ್ಳಿಸಿ ಹಿಂದಿನ ಮಾರಿ ನೋಡತಿದ್ರು. ಎಳಿ ಎಣಸ್ಕೋತ ಕುಂತಾವ್ರನ್ನ ನಾ ಒಬ್ಬರನ್ನೂ ಕಂಡಿಲ್ಲ."

ಮೂರು ದಿನ ಪಾಠ ಓದಕೂಡದು ಎಂಬುದು ಅವರ ಕರಾರು. ಮೊದಲ ದಿನ ಹೊದಿಕೆ, ಒಳಗಿನ ಹೆಸರಿನ ಪುಟ, ಮುನ್ನುಡಿ. ಡಿಕ್ಷನರಿ ಹಿಡಿದು ಮುನ್ನುಡಿ ಓದುತ್ತ ಹೋದವಳು ಒಂದು ಕಡೆ ನಿಂತುಬಿಟ್ಟೆ. ಮೊದಲೆರಡು ಪಾಠ ಈ ವಿಷಯ ಬಲ್ಲವರಿಗೆ, ಹೊಸಬರು ಮೂರನೆಯದರಿಂದ ಶುರು ಮಾಡಿದರೆ ಸುಲಭ ಎಂದು ಬರೆದವರೇ ಹೇಳಿದ್ದರು!

"ಸರ, ಇಲ್ಲೇ ಬರದಾರ್ರಿ!"

"ಬರದಾರ ಖರೆ. ಓದಾವ್ರ ಯಾರು?" ಎಂದು ಅವರು ತಾವೇ ಬರೆದವರಂತೆ ಬೀಗಿದರು. ನನಗೆ ಮಾತ್ರ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡು ನಪಾಸು ಬೇರೆಯವರಿಗಾಗಿ ಬರೆದ ಪಾಠಗಳ ಮೇಲೆ!

ಮರುದಿನ ಪರಿವಿಡಿ. ಪುಸ್ತಕ ಮುಚ್ಚಿಸಿ ಹದಿನಾಲ್ಕು ಪಾಠಗಳ ಹೆಸರು ಬಾಯಿಂದ ಹೇಳಿಸಿದರು. ಮೂರನೇ ದಿನ ಪಾಠಗಳ ಕೊನೆಯ ಸಾರಾಂಶ, ಪ್ರಶ್ನೆ, ಪುಸ್ತಕದ ತುದಿಯಲ್ಲಿದ್ದ ಪದಗಳ ಪಟ್ಟಿ. "ಪ್ರಶ್ನೆ ಮೊದಲ ಓದು. ಏನ ಹುಡಕಾಕ ಹೊಂಟೀನಿ ಅನ್ನೂದರೆ ತಿಳೀತೈತಿ." ನಾಲ್ಕನೇ ದಿನ ಪುಸ್ತಕ ಕೈಗಿಟ್ಟು, "ಇನ್ನ ಓದು" ಎಂದರು. ಬನಹಟ್ಟಿಯ ಬಸ್ಸಿನಲ್ಲೇ ಮೂರನೇ ಪಾಠ ಮುಗಿಯಿತು. ತಿಳಿಯಿತು! ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯನ್ನು ಅಪ್ಪಿಕೊಳ್ಳುವುದೊಂದು ಬಾಕಿ.

ಪದ್ಮಣ್ಣ ಸರ್ ಈಗಿಲ್ಲ. ನಾನು ಎಂ.ಕಾಂ.ಗೆಂದು ಧಾರವಾಡ ಸೇರಿದ ವರ್ಷವೇ ತೀರಿಕೊಂಡರು. ಸುದ್ದಿ ಕೇಳಿ ಹಾಸ್ಟೆಲಿನಲ್ಲಿ ಮನಸಾರೆ ಅತ್ತೆ. ಅವರನ್ನು ಕೊನೆಯ ಸಲ ಕಂಡದ್ದು ಬಿ.ಕಾಂ. ಮುಗಿಸಿ ಕಾಲೇಜು ಬಿಟ್ಟ ದಿನ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅದಲ್ಲ, ಆ ಮೂರನೇ ಪರೀಕ್ಷೆಯ ರಿಸಲ್ಟ್ ಬಂದ ಮಧ್ಯಾಹ್ನ.

ಕುರ್ಚಿ ಸಪ್ಪಳವಾದರೂ ಗದರುತ್ತಿದ್ದ ಮನುಷ್ಯ ನನ್ನ ಮೊಬೈಲ್ ಕಸಿದುಕೊಂಡು ನೋಡಿದರು. ಎಪ್ಪತ್ತೊಂದು! ಎದ್ದು ನಿಂತು ಇಡೀ ಹಾಲಿಗೆ ಕೇಳುವಂತೆ ಕೂಗಿದರು: "ಏ, ಎಲ್ಲಾರೂ ಪುಸ್ತಕ ಮುಚ್ಚರಿ! ನಮ್ಮ ಬನಹಟ್ಟಿ ಹುಡುಗಿ ಗೆದ್ದಾಳ!" ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದಲ್ಲೇ ಅಪ್ಪನಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಸರ್ ಫೋನ್ ಇಸಿದುಕೊಂಡರು.

"ನಮಸ್ಕಾರರಿ. ಆ ಖಾಲಿ ಮಗ್ಗಕ್ಕ ಬ್ಯಾರೆ ಯಾರನ್ನರೆ ನೋಡ್ಕೊರಿ. ನಿಮ್ಮ ಮಗಳು ಸಿಗೂದಿಲ್ಲ!"